ಧೂಳಿನ ಗುಳಿಗೆ

ನನ್ನ ಗಂಡ ಬೂಅಜ್ಜಾ ಮೂವತ್ತೆರಡು ವರ್ಷ ನೆಲ ಬಗೆದು ಫಾಸ್ಫೇಟ್ ತೆಗೆದವನು. ಅದೇ ಫಾಸ್ಫೇಟ್ ಅವನ ರಕ್ತದಲ್ಲೂ ಮಿತಿಮೀರಿದೆ ಎಂದು ಡಾಕ್ಟರು ಹೇಳಿದ ದಿನ ಅವನು ಗಾಬರಿ ಬೀಳುವ ಬದಲು ಬೀಗಿದ. ಖುರಿಬ್ಗಾದ ಆಸ್ಪತ್ರೆಯಿಂದ ನಮ್ಮ ಗಣಿಯೂರಿಗೆ ಬರುವ ಬಾಡಿಗೆ ಕಾರಿನಲ್ಲಿ ಆರು ಜನ ಒಬ್ಬರ ಪಕ್ಕೆಗೆ ಇನ್ನೊಬ್ಬರು ಮೊಣಕೈ ತಿವಿಯುತ್ತ ಕೂತಿದ್ದೆವು. ಅಷ್ಟೂ ಜನಕ್ಕೆ ಕೇಳುವಂತೆ ಅವನು ರಕ್ತಪರೀಕ್ಷೆಯ ಚೀಟಿ ಓದಿದ.

“ಎಪ್ಪತ್ತೆಂಟು! ಮೀಲೂದನಿಗೆ ಬರೀ ಅರವತ್ತಾರು. ಅವನು ಗಣಿಗೆ ಸೇರಿದ್ದು ನನಗಿಂತ ನಾಲ್ಕು ವರ್ಷ ತಡವಾಗಿ ಅಲ್ವಾ, ಮತ್ತೆ ಎಲ್ಲಿಂದ ಬರ್ಬೇಕು?”

“ಅದು ಐವತ್ತೈದು ದಾಟಬಾರ್ದು ಅಂತ ಹೇಳಿದ್ದು ಕೇಳಿಸ್ಲಿಲ್ವಾ?” ಎಂದೆ.

“ಅದು ಮಾಮೂಲಿ ಜನಕ್ಕೆ ಯಾಮ್ನಾ. ಗಣಿ ಜನಕ್ಕೆ ಬೇರೆ ಲೆಕ್ಕ ಇರುತ್ತೆ.”

ಕಾರಿನ ಡ್ರೈವರು ಕನ್ನಡಿಯಲ್ಲಿ ಇಣುಕಿ, “ಹಾಜಿಯವರೇ, ನಿಮ್ಮನ್ನ ತಲೆಕೆಳಗೆ ಹಿಡಿದು ಕೊಡವಿದ್ರೆ ಒಂದು ಚೀಲ ಸಿಗಬಹುದು,” ಎಂದ. ಎಲ್ಲರೂ ನಕ್ಕರು. ಬೂಅಜ್ಜಾ ಎಲ್ಲರಿಗಿಂತ ಜೋರಾಗಿ ನಕ್ಕು, ಹಾಗೇ ಬೆನ್ನನ್ನು ಸೀಟಿಗೆ ಉಜ್ಜಿಕೊಂಡ. ಆ ಹೊತ್ತಿಗೆ ಅವನಿಗೆ ಮೈತುರಿಕೆ ಶುರುವಾಗಿ ಎರಡು ತಿಂಗಳಾಗಿತ್ತು. ರಕ್ತದಲ್ಲಿ ಆ ಅಂಕೆ ಏರಿದರೆ ಹಾಗೆ ತುರಿಸುತ್ತದಂತೆ. ನನ್ನ ಹರೀರಾ ಸೂಪು ಕಲಕುವ ಮರದ ಸೌಟು ಅಡುಗೆಮನೆಯಲ್ಲಿ ಕಾಣದಿದ್ದರೆ ಅದು ಇವನ ಬೆನ್ನ ಮೇಲಿದೆ ಎಂದು ತಿಳಿಯುವಷ್ಟು ರೂಢಿಯಾಗಿತ್ತು.

ಅವನ ಮೂತ್ರಪಿಂಡಗಳೆರಡೂ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಖುರಿಬ್ಗಾದಲ್ಲಿ ಯಂತ್ರದ ಪಕ್ಕ ನಾಲ್ಕು ನಾಲ್ಕು ಗಂಟೆ. ಯಂತ್ರ ರಕ್ತವನ್ನು ಹೊರಗೆ ಎಳೆದು, ತೊಳೆದು, ತಿರುಗಿ ಒಳಗೆ ಬಿಡುತ್ತದೆ. ಅವನ ಎಡಗಡೆ ಹಾಸಿಗೆಯಲ್ಲಿ ಮೀಲೂದ್, ಬಲಗಡೆ ಲರ್ಬಿ. ಮೂವರೂ ಒಂದೇ ಗಣಿಯವರು, ಒಂದೇ ಬೀದಿಯವರು, ಅದಕ್ಕಿಂತ ಹೆಚ್ಚಾಗಿ ಒಂದೇ ಮೇಳದವರು. ನಮ್ಮ ಕಡೆ ಮದುವೆಗಳಲ್ಲಿ ಬೇಟೆಗಾರರ ಹಾಡಿನ ಮೇಳ ಕರೆಸುತ್ತಾರೆ. ಒಬ್ಬ ಮುಂದೆ ನಿಂತು ಕೂಗುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ಮೀಲೂದ್ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕಬ್ಬಿಣದ ಕಡ್ಡಿಯಿಂದ ಬಡಿದು ತಾಳ ಹಾಕುತ್ತಾನೆ. ಲರ್ಬಿಯದು ತಮಟೆ. ಇಪ್ಪತ್ತು ವರ್ಷ ಬಂಡೆ ಕೊರೆಯುವ ಯಂತ್ರದ ಪಕ್ಕ ನಿಂತು ಅವನ ಕಿವಿ ಮುಕ್ಕಾಲು ಪಾಲು ಹೋಗಿದೆ. ಹಾಗಾಗಿ ಅವನು ಯಾವಾಗಲೂ ಒಂದು ಏಟು ಹಿಂದೆ. ಮುಂದೆ ನಿಂತು ಕೂಗುವವನು ನನ್ನ ಗಂಡ.

ಆ ಕೂಗಿನ ವಿಷಯ ನಾನು ಹೇಳಬಾರದು, ಆದರೂ ಹೇಳುತ್ತೇನೆ. ಅಕ್ಕನ ಮದುವೆಯಲ್ಲಿ ನಾನು ಹೆಂಗಸರ ಡೇರೆಯೊಳಗೆ ಕಡುಬಿನಂಥದ್ದೇನನ್ನೋ ಬಾಯಿಗೆ ತುರುಕಿಕೊಂಡು ಕೂತಿದ್ದೆ. ಹೊರಗಿಂದ ಆ ಕೂಗು ಬಂತು. ಬಾಯಲ್ಲಿದ್ದದ್ದನ್ನು ನುಂಗುವುದೇ ಮರೆತುಹೋಯಿತು. ಕೂಗಿದವನ ಮುಖವನ್ನು ನಾನು ನೋಡಿದ್ದು ಮೂರು ತಿಂಗಳಾದ ಮೇಲೆ. ಮುಖ ಮೊದಲು ನೋಡಿದ್ದರೆ ಕಥೆ ಬೇರೆ ಇರುತ್ತಿತ್ತು ಎಂದು ಅವನಿಗೆ ಈಗಲೂ ಹೇಳುತ್ತಿರುತ್ತೇನೆ.

ಇಂಥ ಗಂಟಲಿಗೇ ಸಂಚಕಾರ ಬಂತು. ಫೆಸ್ ಕಡೆಯಿಂದ ಬಂದ ನಮ್ಮ ಡಾಕ್ಟರು ಬೆನ್ಸೂದಾ ಸಣ್ಣ ವಯಸ್ಸಿನ ಹೆಂಗಸು, ನೇರ ಮಾತು. ಮೇ ತಿಂಗಳ ಆ ಎಪ್ಪತ್ತೆಂಟರ ಚೀಟಿ ಹಿಡಿದು ಅವರು ಹೇಳಿದ್ದಿಷ್ಟು:

“ಸಿ ಬೂಅಜ್ಜಾ, ಗುಳಿಗೆ ಹೆಚ್ಚು ಮಾಡ್ತೀನಿ. ದಿನಕ್ಕೆ ಮೂರು, ಊಟದ ಜೊತೆ. ಆಗಸ್ಟ್ ಮೊದಲ ವಾರದ ಪರೀಕ್ಷೆಯಲ್ಲಿ ಇದು ಐವತ್ತೈದರೊಳಗೆ ಬರ್ಬೇಕು. ಬಂದ್ರೆ ಕುತ್ತಿಗೆಯ ಗ್ರಂಥಿಗಳಿಗೆ ಔಷಧಿ ಕೊಡ್ಬಹುದು. ಬರ್ಲಿಲ್ಲ ಅಂದ್ರೆ ಕಾಸಾಬ್ಲಾಂಕಾಗೆ ಹೋಗಿ ಕುತ್ತಿಗೆ ಆಪರೇಷನ್ ಮಾಡಿಸ್ಬೇಕಾಗುತ್ತೆ.”

“ಕುತ್ತಿಗೇಲಿ ಎಲ್ಲಿ?”

ಡಾಕ್ಟರು ತಮ್ಮ ಗಂಟಲ ಮುಂಭಾಗ ಮುಟ್ಟಿ ತೋರಿಸಿದರು. “ಧ್ವನಿಯ ನರ ಪಕ್ಕದಲ್ಲೇ ಹೋಗುತ್ತೆ. ಹೆದರ್ಬೇಡಿ, ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಧ್ವನಿ ಒಡೆಯುತ್ತೆ.”

“ಆ ಒಬ್ಬ ನಾನೇ,” ಎಂದ ಬೂಅಜ್ಜಾ. ಕಾರಿನಲ್ಲಿ ಬೀಗಿದ್ದು ಬೀಗಿದ್ದೇ, ಆದರೆ ಆ ಮಾತು ಹೇಳುವಾಗ ಅವನ ಮುಖ ನೋಡಿದವಳು ನಾನೊಬ್ಬಳೇ. ಆಗಸ್ಟ್ ನಡುವಿಗೆ ಮೀಲೂದನ ಮಗಳು ಹಸ್ನಾಳ ಮದುವೆ ಇತ್ತು. ಅವಳು ತೊಟ್ಟಿಲಲ್ಲಿದ್ದಾಗಲೇ, “ಇವಳ ಮದುವೆಗೆ ಮೊದಲ ಕೂಗು ನಂದು,” ಎಂದು ಮಾತು ಕೊಟ್ಟವನು ಇವನು.

ಹಾಗಾಗಿ ನಾನು ಸೊಂಟ ಕಟ್ಟಿದೆ. ಡಾಕ್ಟರು ಕೊಟ್ಟ ಚೀಟಿಯನ್ನು ಪಕ್ಕದ ಮನೆಯ ಹುಡುಗಿಯಿಂದ ಎರಡು ಸಲ ಓದಿಸಿದೆ. ಸಾರ್ಡೀನ್ ಮೀನು ಬಂದ್. ಪಿತ್ತಜನಕಾಂಗ ಬಂದ್, ಅದೂ ಹಬ್ಬದ ಕುರಿಯದ್ದು, ಇದ್ದಿಲ ಮೇಲೆ ಸುಟ್ಟದ್ದು. ಬಾದಾಮಿ ಬಂದ್, ಬೇಳೆ ಬಂದ್, ಹಾಲು ಮಜ್ಜಿಗೆ ಬಂದ್. ಚೀಟಿಯಲ್ಲಿ ಮೊಟ್ಟೆಯ ಹಳದಿ ಎಂದಿತ್ತು, ನಾನು ಇಡೀ ಕೋಳಿಯನ್ನೇ ಅನುಮಾನಿಸಿ ಬಿಳಿಯನ್ನೂ ನಿಲ್ಲಿಸಿದೆ. ಶುಕ್ರವಾರದ ಕುಸ್‌ಕುಸ್ ರವೆಯ ಮೇಲೆ ಬರೀ ಕುಂಬಳಕಾಯಿ, ಟರ್ನಿಪ್ಪು, ಎರಡು ನೀರಲ್ಲಿ ಬೇಯಿಸಿ ಬಸಿದದ್ದು. ಪಾಪ, ಹಲ್ಲಿಲ್ಲದ ಬಾಯಿ, ಏನಾದರೂ ಮೆತ್ತಗೆ ಹೋಗಲಿ ಎಂದು ಬೆಳಿಗ್ಗೆ ರೊಟ್ಟಿಗೆ ಬೆಳ್ಳಿ ಕಾಗದ ಸುತ್ತಿದ ಮುಕ್ಕೋನದ ಚೀಸು ಎರಡು ಸವರಿಕೊಡುತ್ತಿದ್ದೆ. ರಾತ್ರಿ ಸೂಪಿಗೂ ಒಂದು ಕರಗಿಸುತ್ತಿದ್ದೆ. ಮಾಂಸದ ಬದಲು ಅಂಗಡಿಯ ಟರ್ಕಿ ಕೋಳಿಯ ತೆಳು ಬಿಲ್ಲೆ ನಾಲ್ಕು. ಆಸ್ಪತ್ರೆ ಊಟದಂಥ ಊಟ.

“ಇದನ್ನ ತಿಂದು ಬದುಕೋದಕ್ಕಿಂತ ಕಾಸಾಬ್ಲಾಂಕಾ ವಾಸಿ,” ಎಂದು ಅವನು ಗೊಣಗಿದ.

“ಕಾಸಾಬ್ಲಾಂಕಾದಲ್ಲಿ ಹಾಡಕ್ಕಾಗಲ್ಲ, ತಿನ್ನು ಸಿ ಬೂಅಜ್ಜಾ.” ಡಾಕ್ಟರು ‘ಸಿ’ ಎನ್ನುವುದು ಗೌರವಕ್ಕೆ, ನನಗೆ ‘ಲಲ್ಲಾ’ ಎನ್ನುವ ಹಾಗೆ. ನಾನು ಅನ್ನುವುದು ಸಿಟ್ಟು ಬಂದಾಗ ಮಾತ್ರ.

ಗುಳಿಗೆಯ ವಿಷಯದಲ್ಲಿ ಅವನ ಮೇಲೆ ದೂರುವಂತಿರಲಿಲ್ಲ. ಗುಳಿಗೆಯ ಪಟ್ಟಿಯನ್ನು ಜಿಲ್ಲಾಬಾ ನಿಲುವಂಗಿಯ ಬೆನ್ನ ಟೊಪ್ಪಿಗೆಯೊಳಗೆ ಹಾಕಿಕೊಂಡೇ ಹೊರಡುತ್ತಿದ್ದ. ನಮ್ಮ ಗಂಡಸರಿಗೆ ಆ ಟೊಪ್ಪಿಗೆ ತಲೆಗಿಂತ ಹೆಚ್ಚಾಗಿ ಚೀಲದ ಕೆಲಸಕ್ಕೆ ಬರುತ್ತದೆ. ರೊಟ್ಟಿ, ಪುದೀನ, ಕೆಲವು ಸಲ ಕೋಳಿಮರಿ ಕೂಡ ಅದರಲ್ಲೇ. ಸಂಜೆ ನಾನು ಟೊಪ್ಪಿಗೆ ತಡಕಿ ಎಣಿಸುತ್ತಿದ್ದೆ. ದಿನಕ್ಕೆ ಮೂರು ಖಾಲಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಜೂನ್ ಚೀಟಿ ಬಂತು. ಎಂಬತ್ತೊಂದು.

ನನಗೆ ಆದ ಅವಮಾನ ಹೇಳತೀರದು. ಮೂವತ್ತೆಂಟು ವರ್ಷದಲ್ಲಿ ನನ್ನ ಅಡುಗೆಯನ್ನು ಅತ್ತೆಯೂ ಹೀಗೆ ಕಾಗದದ ಮೇಲೆ ಬರೆದು ಹೀಯಾಳಿಸಿರಲಿಲ್ಲ. ಡಾಕ್ಟರು ಮೂರೂ ಹಾಸಿಗೆಗಳ ಚೀಟಿ ಒಟ್ಟಿಗೆ ಹಿಡಿದು ಹಣೆ ಉಜ್ಜಿಕೊಂಡರು. ಮೀಲೂದನದು ಎಪ್ಪತ್ತಕ್ಕೆ ಏರಿತ್ತು, ಲರ್ಬಿಯದು ಎಪ್ಪತ್ತೆರಡು.

“ಲಲ್ಲಾ ಯಾಮ್ನಾ, ತೂಕವೂ ಹೆಚ್ಚು ಬರ್ತಿದೆ. ಒಂದು ಸಲ ಬಂದು ಹೋಗಿ ಇನ್ನೊಂದು ಸಲ ಬರೋ ಹೊತ್ತಿಗೆ ಮೂವರೂ ಮೂರೂವರೆ ಕಿಲೋ ಏರಿರ್ತಾರೆ. ಅದು ನೀರಿನ ತೂಕ. ಇವ್ರು ಎಲ್ಲೋ ಏನೋ ಕುಡೀತಿದ್ದಾರೆ.”

“ನನ್ನ ಮನೇಲಲ್ಲ. ನಾನು ಟೀಯನ್ನೂ ಸಣ್ಣ ಗ್ಲಾಸಲ್ಲಿ ಅರ್ಧ ಕೊಡ್ತೀನಿ.”

“ಹಾಗಾದ್ರೆ ಹೊರಗೆ.”

ಅಷ್ಟು ಸಾಕಿತ್ತು. ಮರುದಿನ ಮಂಗಳವಾರ, ಯಂತ್ರವಿಲ್ಲದ ದಿನ. ಬೂಅಜ್ಜಾ ಒಂಬತ್ತೂವರೆಗೆ ಜಿಲ್ಲಾಬಾ ಹಾಕಿ, “ಸ್ವಲ್ಪ ಗಾಳಿ ಕುಡಿದು ಬರ್ತೀನಿ,” ಎಂದು ಹೊರಟ. ನಾನು ಬುಟ್ಟಿ ಹಿಡಿದು, ಪುದೀನ ತರುವವಳ ಹಾಗೆ ಹಿಂದೆ ಹೋದೆ.

ಊರ ಅಂಚಿನಲ್ಲಿ ರೈಲು ದಾಟುವ ಗೇಟಿದೆ. ಗಣಿಯಿಂದ ಬಂದರಿಗೆ ಫಾಸ್ಫೇಟ್ ಹೊತ್ತ ರೈಲು ಅಲ್ಲಿಂದಲೇ ಹೋಗುತ್ತದೆ, ಬಾಲ ಕಾಣಿಸುವ ಹೊತ್ತಿಗೆ ತಲೆ ಮರೆತುಹೋಗುವಷ್ಟು ಉದ್ದ. ಗೇಟಿನ ಪಕ್ಕ ಯೂಕಲಿಪ್ಟಸ್ ಮರ, ಮರದ ಕೆಳಗೆ ಕಲ್ಲು ಬೆಂಚು. ಬೆಂಚಿನ ಮೇಲೆ ಮೀಲೂದ್, ಲರ್ಬಿ, ನಡುವೆ ನನ್ನ ಗಂಡ. ಕಾಲ ಬಳಿ ಒದ್ದೆ ಗೋಣಿ ಸುತ್ತಿದ ಕ್ಯಾನು. ನಾನು ಗೋಡೆ ಮರೆಗೆ ನಿಂತೆ.

ಹತ್ತು ಗಂಟೆಗೆ ನೆಲ ನಡುಗಿತು. ರೈಲು ಬಂತು. ಡಬ್ಬಿಗಳ ಮೇಲಿಂದ ತೆಳು ಬಿಳಿ ಧೂಳು ಎದ್ದು ಬೆಂಚಿನ ಕಡೆ ಬರುತ್ತಿದ್ದ ಹಾಗೆ ಬೂಅಜ್ಜಾ ಸೇನಾಪತಿಯ ಹಾಗೆ ಕೈ ಎತ್ತಿದ.

“ಧೂಳು ಬಂತು!”

ಮೂರು ಕೈ ಮೂರು ಟೊಪ್ಪಿಗೆಗೆ ಹೋದವು. ಮೂರು ಗುಳಿಗೆ ಮೂರು ಬಾಯಿಗೆ ಹೋದವು. ಕ್ಯಾನಿನಿಂದ ಒಂದೊಂದು ದೊಡ್ಡ ಲೋಟ ತುಂಬಿತು. ಬೆಳ್ಳಗಿನ, ಕೆನೆ ಕಟ್ಟಿದ ಹಾಲು. ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಮೂವರೂ ಮಹಾ ಕೆಲಸ ಮಾಡಿ ಮುಗಿಸಿದವರ ಹಾಗೆ ನಿಟ್ಟುಸಿರುಬಿಟ್ಟರು. ಲರ್ಬಿ ಒಂದು ಗುಟುಕು ಹಿಂದೆ.

ನಾನು ಗೋಡೆ ಮರೆಯಿಂದ ಹೊರಗೆ ಬಂದೆ.

“ಆರೋಗ್ಯವಾ, ಸಿ ಬೂಅಜ್ಜಾ?”

ಅವನು ಲೋಟವನ್ನು ಟೊಪ್ಪಿಗೆಯೊಳಗೆ ಬಚ್ಚಿಡಲು ಹೋದ. ಉಳಿದ ಹಾಲು ಬೆನ್ನ ಮೇಲೆ ಹರಿಯಿತು.

“ಯಾಮ್ನಾ, ಇದು ಔಷಧಿ,” ಎಂದ.

“ಔಷಧಿ ಹಸುವಿನ ಕೆಚ್ಚಲಲ್ಲಿ ಬರುತ್ತಾ?”

“ನಿಂಗೆ ಗೊತ್ತಿಲ್ಲ. ಫಾಸ್ಫೇಟ್ ಒಣಗಿಸೋ ಶೆಡ್ಡಲ್ಲಿದ್ದಾಗ ಪಾಳಿ ಮುಗಿದ ತಕ್ಷಣ ಹಾಲು ಕುಡೀತಿದ್ವಿ. ಧೂಳಿಗೆ ಹಾಲು. ನಮ್ಮ ಮೇಸ್ತ್ರಿ, ಅವರಪ್ಪ, ಎಲ್ಲರೂ ಹಾಗೇ ಮಾಡಿದ್ದು.”

“ಗುಳಿಗೆ?”

“ಗುಳಿಗೆ ಯಾತಕ್ಕೆ ಕೊಟ್ಟಿದ್ದು? ರಕ್ತದಲ್ಲಿರೋ ಫಾಸ್ಫೇಟಿಗೆ. ರಕ್ತಕ್ಕೆ ಫಾಸ್ಫೇಟ್ ಎಲ್ಲಿಂದ ಬಂತು? ಇಲ್ಲಿಂದ.” ರೈಲಿನ ಬಾಲದ ಕಡೆ ಬೆರಳು ತೋರಿಸಿದ. “ಧೂಳು ಬಂದಾಗ ತಗೊಂಡ್ರೆ ತಾನೇ ಕೆಲಸ ಮಾಡೋದು? ಆ ಡಾಕ್ಟ್ರಮ್ಮ ಫೆಸ್‌ನವರು, ಅವರಿಗೆ ಫಾಸ್ಫೇಟ್ ಏನು ಗೊತ್ತು? ಹಣ್ಣಿನ ತೋಟದ ಊರು ಅದು. ಊಟದ ಜೊತೆ ತಗೊಳ್ಳಿ ಅಂತಾರೆ. ಊಟದಲ್ಲಿ ಗಣಿ ಇದೆಯಾ?”

“ಹತ್ತು ಗಂಟೆ ರೈಲು, ಒಂದೂವರೆ ರೈಲು, ಐದು ಗಂಟೆ ರೈಲು,” ಎಂದು ಮೀಲೂದ್ ನೆರವಿಗೆ ಬಂದ. “ದಿನಕ್ಕೆ ಮೂರೇ ಆಯ್ತಲ್ಲ ಅಕ್ಕಾ. ಡಾಕ್ಟ್ರು ಹೇಳಿದ್ದೂ ಮೂರೇ.”

“ಏನು?” ಎಂದ ಲರ್ಬಿ.

ನನ್ನ ಕೋಪ ಬಾಯಿಗೆ ಬರುವ ಹೊತ್ತಿಗೆ ನಗುವೂ ಬಂತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡು ನಾನು ಬರೀ ಕೆಮ್ಮಿದೆ. ಕ್ಯಾನಿನ ಹಾಲನ್ನು ಮರದ ಬುಡಕ್ಕೆ ಸುರಿದು ಮನೆಗೆ ಬಂದೆ. ಬುಧವಾರಕ್ಕೆ ಕಾದೆ.

ಬುಧವಾರಕ್ಕೇ ಯಾಕೆ ಎಂದರೆ, ಸೂಜಿ ಚುಚ್ಚಿ ಯಂತ್ರಕ್ಕೆ ಕಟ್ಟಿಹಾಕಿದ ಮೇಲೆ ಅವರು ನಾಲ್ಕು ಗಂಟೆ ಎಲ್ಲೂ ಓಡುವಂತಿಲ್ಲ. ಗಂಡನ ಮೇಲೆ ದೂರು ಹೇಳಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ನೋಡಿಲ್ಲ.

ಡಾಕ್ಟರು ನನ್ನ ಮಾತು ಪೂರ್ತಿ ಕೇಳಿದರು. ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿ, ಸ್ವಲ್ಪ ಹೊತ್ತು ಅಲ್ಲಿದ್ದ ಕ್ಯಾಲೆಂಡರನ್ನು ನೋಡಿದರು. ಭುಜ ಕುಲುಕುತ್ತಿತ್ತು.

“ಸಿ ಬೂಅಜ್ಜಾ,” ಎಂದರು ಕೊನೆಗೆ, “ಈ ಗುಳಿಗೆ ರಕ್ತಕ್ಕೆ ಹೋಗೋದೇ ಇಲ್ಲ. ಅದು ಹೊಟ್ಟೇಲಿ ಊಟಕ್ಕೋಸ್ಕರ ಕಾಯುತ್ತೆ. ಊಟದಲ್ಲಿರೋ ಫಾಸ್ಫೇಟನ್ನ ತಬ್ಬಿಕೊಂಡು, ರಕ್ತಕ್ಕೆ ಬಿಡದೆ, ಕೆಳಗಿನ ದಾರೀಲಿ ಕರ್ಕೊಂಡು ಹೋಗುತ್ತೆ. ಊಟ ಇಲ್ದಾಗ ನುಂಗಿದ್ರೆ ಒಂಟಿಯಾಗಿ ಹೋಗುತ್ತೆ. ಮೂಗಲ್ಲಿ ಹೋದ ಧೂಳು ಈ ಅಂಕೆ ಏರಿಸಲ್ಲ. ಬಾಯಲ್ಲಿ ಹೋದದ್ದು ಏರಿಸುತ್ತೆ. ಹಾಲಲ್ಲಿ ಬೇಕಾದಷ್ಟಿದೆ.”

“ಹಾಲಲ್ಲಾ?”

“ಹಾಲಲ್ಲಿ. ನಿಮ್ಮ ಗುಳಿಗೆ ಇಷ್ಟು ದಿನ ಒಂದು ಲೋಟ ಹಾಲಿಗೆ ಕಾವಲು ನಿಂತಿತ್ತು. ಆ ಕಡೆ ಊಟದ ಬಾಗಿಲು ಹಾರುಹೊಡೆದಿತ್ತು.”

ಮೀಲೂದ್ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ನಟಿಸಿದ. ಬೂಅಜ್ಜಾ ಸೋಲುವ ಜಾತಿಯವನಲ್ಲ.

“ಒಪ್ಪಿದೆ ಅಂತಲೇ ಇಟ್ಕೊಳ್ಳಿ ಡಾಕ್ಟ್ರೇ. ಅರವತ್ತು ವರ್ಷ ನಾನು ಸಾರ್ಡೀನ್ ತಿಂದೆ, ಹಾಲು ಕುಡಿದೆ, ಕುರಿ ತಲೆ ತಿಂದೆ. ಆಗ ಈ ಅಂಕೆ ಯಾಕೆ ಏರ್ಲಿಲ್ಲ? ಆಗ ಅದೆಲ್ಲ ಎಲ್ಲಿಗೆ ಹೋಗ್ತಿತ್ತು?”

ಡಾಕ್ಟರು ಸ್ಟೂಲು ಎಳೆದು ಕೂತರು. “ನಿಮ್ಮ ಮೇಳದಲ್ಲಿ ಹೇಗೆ ಹಾಡ್ತೀರಿ?”

“ನಾನು ಕೂಗ್ತೀನಿ, ಇವ್ರು ಎತ್ಕೋತಾರೆ.”

“ಮೈಯೊಳಗೂ ಅದೇ. ಮೈಯಲ್ಲಿರೋ ಫಾಸ್ಫೇಟಲ್ಲಿ ಮುಕ್ಕಾಲಿಗಿಂತ ಹೆಚ್ಚು ಎಲುಬಲ್ಲಿದೆ. ಅದು ನಿಮ್ಮ ಗಣಿ. ರಕ್ತದಲ್ಲಿ ಓಡಾಡೋದು ಚಿಟಿಕೆಯಷ್ಟು. ಮೈ ನಡೆಯೋಕೆ ಆ ಚಿಟಿಕೆ ಬೇಕೇ ಬೇಕು. ಊಟ ಆಗಿ ಅದು ಹೆಚ್ಚಾಯ್ತು ಅನ್ನಿ, ಎಲುಬೇ ಕೂಗುತ್ತೆ: ಹೆಚ್ಚಾಯ್ತು, ಹೊರಗೆ ಹಾಕು! ಮೂತ್ರಪಿಂಡ ಎತ್ಕೊಳ್ಳುತ್ತೆ, ಹೆಚ್ಚಾದದ್ದನ್ನ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಕಡಿಮೆಯಾದ್ರೆ ಎಲುಬು ಸುಮ್ಮನಾಗುತ್ತೆ, ಮೂತ್ರಪಿಂಡ ಇದ್ದದ್ದನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಅರವತ್ತು ವರ್ಷ ನಿಮ್ಮೊಳಗೆ ಈ ಹಾಡು ಒಂದು ತಾಳ ತಪ್ಪದೆ ನಡೀತು. ನಿಮಗೆ ಗೊತ್ತೇ ಆಗ್ಲಿಲ್ಲ.”

ಬೂಅಜ್ಜಾ ಯಂತ್ರದ ನಳಿಕೆಯನ್ನು ನೋಡುತ್ತಿದ್ದ. “ಈಗ?”

“ಈಗ ಹಿಮ್ಮೇಳಕ್ಕೆ ಕಿವಿ ಕೇಳಿಸಲ್ಲ.”

“ಲರ್ಬಿಯ ಹಾಗಾ?”

“ಲರ್ಬಿಯವರು ಕೊನೆಗಾದ್ರೂ ಎತ್ಕೋತಾರೆ. ನಿಮ್ಮ ಮೂತ್ರಪಿಂಡ ಎತ್ಕೊಳ್ಳೋದೇ ಇಲ್ಲ. ಎಲುಬು ಇನ್ನೂ ಜೋರಾಗಿ ಕೂಗುತ್ತೆ. ಆರೋಗ್ಯವಂತರಿಗಿಂತ ನೂರಾರು ಪಟ್ಟು ಜೋರಾಗಿ. ಉತ್ತರ ಇಲ್ಲ. ಈ ಗಲಾಟೆಗೆ ಕುತ್ತಿಗೇಲಿರೋ ನಾಲ್ಕು ಗ್ರಂಥಿ ಎದ್ದು ಕೂತ್ಕೊಳ್ಳುತ್ವೆ. ಬೇಳೆ ಕಾಳಿನಷ್ಟು ಚಿಕ್ಕವು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಯ್ತು ಅಂತ ಹೆದರಿ ಅವೂ ಕೂಗುತ್ವೆ, ಕೂಗಿ ಕೂಗಿ ಊದಿಕೊಳ್ಳುತ್ವೆ. ಆಮೇಲೆ ಎಲುಬನ್ನೇ ಅಗೆದು ಅಗೆದು ರಕ್ತಕ್ಕೆ ಸುರಿಸುತ್ವೆ.”

“ಎಲುಬನ್ನ ಅಗೆದ್ರೆ ಅದರಲ್ಲಿರೋ ಫಾಸ್ಫೇಟೂ ಬರುತ್ತಲ್ಲ!”

“ಬರುತ್ತೆ.”

ಬೂಅಜ್ಜಾ ಮಲಗಿದಲ್ಲಿಂದಲೇ ಮೀಲೂದನ ಕಡೆ ತಿರುಗಿದ. “ಕೇಳಿದ್ಯೇನೋ? ನನ್ನ ಮೈಯಲ್ಲಿ ನನಗೇ ಹೇಳ್ದೆ ಗಣಿ ತೆಗೆದಿದ್ದಾರೆ.”

“ಮೇಸ್ತ್ರಿಯಿಲ್ಲದ ಗಣಿ,” ಎಂದ ಮೀಲೂದ್, ಕಣ್ಣು ತೆರೆಯದೆ.

“ಮತ್ತೆ ಈ ಯಂತ್ರ ಏನು ಮಾಡುತ್ತೆ?”

“ಯಂತ್ರ ಬಾಡಿಗೆ ಹಾಡುಗಾರ. ವಾರಕ್ಕೆ ಮೂರು ದಿನ ಬಂದು, ನಾಲ್ಕು ಗಂಟೆ ಹಾಡಿ ಹೋಗುತ್ತೆ. ಉಳಿದ ಹೊತ್ತು ನೀವೇ ನೋಡ್ಕೋಬೇಕು. ಗುಳಿಗೆ ಊಟದ ಜೊತೆ. ಮೊದಲ ತುತ್ತಿನ ಜೊತೆ.”

ನನ್ನ ಗೆಲುವು ಎಂದುಕೊಂಡೆ. ಸೆರಗಿನಂತೆ ಹೊದ್ದ ಬಿಳಿ ಹಾಯಿಕ್ ಸರಿಪಡಿಸಿಕೊಂಡು, ಹೊರಡುವ ಮುನ್ನ ಒಂದು ಮಾತು ಹೆಚ್ಚಾಗಿ ಆಡಿದೆ. ಅದು ಆಡಬಾರದಿತ್ತು.

“ನನ್ನ ಕಡೆಯಿಂದ ಏನೂ ತಪ್ಪಿಲ್ಲ ಅಲ್ವಾ ಡಾಕ್ಟ್ರೇ? ಮೊಟ್ಟೆಯ ಬಿಳಿಯನ್ನೂ ಕೊಟ್ಟಿಲ್ಲ ನಾನು.”

“ಬಿಳಿ ಕೊಡ್ಬಹುದಿತ್ತು, ಅದರಲ್ಲಿ ಫಾಸ್ಫೇಟ್ ಕಡಿಮೆ. ಅದರ ಬದಲು ಏನು ಕೊಡ್ತೀರಿ?”

“ಏನಿಲ್ಲ, ಎರಡು ಮುಕ್ಕೋನದ ಚೀಸು. ರಾತ್ರಿ ಸೂಪಿಗೊಂದು. ಟರ್ಕಿ ಕೋಳಿ ಬಿಲ್ಲೆ ನಾಲ್ಕು.”

ಡಾಕ್ಟರ ಪೆನ್ನು ನಿಂತಿತು. “ದಿನಾ?”

“ದಿನಾ.”

“ಲಲ್ಲಾ ಯಾಮ್ನಾ, ಆ ಚೀಸು ಅಷ್ಟು ನುಣ್ಣಗೆ ಯಾಕಿರುತ್ತೆ ಗೊತ್ತಾ? ಕರಗೋವಾಗ ಎಣ್ಣೆ ನೀರು ಬೇರೆ ಆಗ್ಬಾರ್ದು ಅಂತ ಫಾಸ್ಫೇಟ್ ಉಪ್ಪು ಹಾಕ್ತಾರೆ. ಆ ಕೋಳಿ ಬಿಲ್ಲೆಗೂ ಬಹಳ ಕಡೆ ಹಾಕ್ತಾರೆ, ನೀರು ಬಿಡ್ದೆ ಇರ್ಲಿ ಅಂತ. ಬೇಳೆಯಲ್ಲಿರೋ ಫಾಸ್ಫೇಟ್ ಅರ್ಧದಷ್ಟೂ ರಕ್ತಕ್ಕೆ ಸೇರಲ್ಲ. ಈ ಉಪ್ಪಲ್ಲಿರೋದು ಹೆಚ್ಚೂಕಡಿಮೆ ಎಲ್ಲಾ ಸೇರುತ್ತೆ.”

ಬೂಅಜ್ಜಾನ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಬಂತು. ಅಂಥ ಬೆಳಕನ್ನು ನಾನು ನಮ್ಮ ಮದುವೆಯ ದಿನವೂ ಅಲ್ಲಿ ಕಂಡಿರಲಿಲ್ಲ.

“ಡಾಕ್ಟ್ರೇ, ಆ ಉಪ್ಪನ್ನ ಎಲ್ಲಿಂದ ಮಾಡ್ತಾರೆ?”

“ಎಲ್ಲೋ ಕಾರ್ಖಾನೇಲಿ.”

“ಕಾರ್ಖಾನೆಗೆ ಎಲ್ಲಿಂದ ಬರುತ್ತೆ?”

ಡಾಕ್ಟರಿಗೆ ತಡವಾಗಿ ಅರ್ಥವಾಯಿತು. “ಬಹಳ ಮಟ್ಟಿಗೆ… ಫಾಸ್ಫೇಟ್ ಕಲ್ಲಿಂದಲೇ.”

“ಹಾಂ!” ಬೂಅಜ್ಜಾ ಸೂಜಿ ಚುಚ್ಚದ ಕೈಯನ್ನು ಮೇಲೆತ್ತಿದ. “ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ ಗಣಿಯಿಂದಲೇ ಬಂದದ್ದು ಅಂತ? ನಾನು ಅಗೆದೆ, ರೈಲಲ್ಲಿ ಹೋಯ್ತು, ಸಮುದ್ರ ದಾಟ್ತು, ಬೆಳ್ಳಿ ಕಾಗದ ಸುತ್ಕೊಂಡು ವಾಪಸ್ ಬಂತು. ಯಾರ ಕೈಯಿಂದ ಬಂತು? ಹೇಳು ಯಾಮ್ನಾ, ಯಾರ ಕೈಯಿಂದ?”

“ಮೂರು ಹೊತ್ತೂ,” ಎಂದ ಮೀಲೂದ್. ಈ ಸಲ ಎರಡೂ ಕಣ್ಣು ತೆರೆದಿದ್ದ.

“ಏನು? ಯಾರು ಬಂದ್ರು?” ಎಂದ ಲರ್ಬಿ.

ಆ ದಿನ ವಾಪಸು ಬರುವ ಕಾರಿನಲ್ಲಿ ನಾನು ಬೇಕೆಂದೇ ಅವನ ಪಕ್ಕೆಗೆ ಮೊಣಕೈ ತಿವಿದು ಕೂತಿದ್ದೆ. ಗೇಟಿನ ಹತ್ತಿರ ಕಾರು ನಿಂತಿತು, ರೈಲು ಹೋಗುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. ಒಂದೆರಡು ಸ್ವರ ಬಾಯೊಳಗೇ ಹಾಡಿ ನೋಡಿದ, ಪೆಟ್ಟಿಗೆಯಲ್ಲಿಟ್ಟ ವಸ್ತು ಇನ್ನೂ ಇದೆಯಾ ಎಂದು ತೆರೆದು ನೋಡುವವನ ಹಾಗೆ. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆದರೆ ಅರವತ್ತೆಂಟು ವರ್ಷದ ಮನುಷ್ಯನಿಗೆ ಊಟ ಕಂಡ ಕೂಡಲೇ ಗುಳಿಗೆ ನೆನಪಾಗುವುದಿಲ್ಲ. ನೆನಪಾಗುವುದು ಊಟ. ಮರುದಿನ ಮಧ್ಯಾಹ್ನ ತಾಜಿನ್ ಮಡಕೆಯ ಮುಚ್ಚಳ ತೆಗೆದದ್ದೇ ತಡ, ಅವನು ರೊಟ್ಟಿ ಅದ್ದಿ ಮೂರು ತುತ್ತು ನುಂಗಿದ್ದ. ಗುಳಿಗೆ ಟೊಪ್ಪಿಗೆಯಲ್ಲೇ ಇತ್ತು. ನನಗೆ ರೈಲುಗೇಟಿನ ಬೆಂಚು ನೆನಪಾಯಿತು. ಅಲ್ಲಿ ಒಂದು ದಿನವೂ ಮರೆತವನಲ್ಲ ಇವನು.

ಸಂಜೆ ನಾನು ಅವನನ್ನು ಕರೆದು ಕೂರಿಸಿದೆ. “ನೀನು ಧೂಳು ಬಂದಾಗ ಗುಳಿಗೆ ತಗೊಳ್ಳೋನು ತಾನೇ?”

“ಮತ್ತೆ ಶುರು ಮಾಡ್ಬೇಡ.”

“ಕೇಳು. ಧೂಳು ಇಲ್ಲಿದೆ, ತಟ್ಟೇಲಿ. ರೈಲು ಅಂದ್ರೆ ಈ ತಾಜಿನ್. ಒಲೆಯಿಂದ ಹೊರಟು ಮೇಜಿಗೆ ಬರುತ್ತೆ. ಮುಚ್ಚಳ ತೆಗೆದಾಗ ಹಬೆ ಏಳುತ್ತಲ್ಲ, ಅದೇ ಧೂಳು. ಈಗ ಕೂಗು.”

ಅವನು ನನ್ನನ್ನೇ ದಿಟ್ಟಿಸಿದ. ಮುಚ್ಚಳ ತೆಗೆದೆ. ಹಬೆ ಎದ್ದಿತು. ಅವನ ಕೈ ತಾನಾಗಿ ಮೇಲೆ ಹೋಯಿತು.

“ರೈಲು ಬಂತೋ!”

“ನುಂಗೋ!” ಎಂದೆ ನಾನು. ನುಂಗಿದ.

ಅವತ್ತಿನಿಂದ ನಮ್ಮ ಮನೆಯಲ್ಲಿ ಹೊತ್ತು ಹೊತ್ತಿಗೆ ಈ ಕೂಗು. ಗೋಡೆಯಾಚೆ ಮೀಲೂದನ ಮನೆಯಲ್ಲೂ ಕೇಳಿಸುತ್ತಿತ್ತು. ಅಲ್ಲಿ ಅವನು ನುಂಗುತ್ತಿದ್ದ, ಹಸ್ನಾ ಉತ್ತರ ಕೂಗುತ್ತಿದ್ದಳು. ಅವಳಿಂದ ಎದುರು ಮನೆಗೆ ಹರಡಿತು, ಎದುರು ಮನೆಯಿಂದ ರೊಟ್ಟಿ ಸುಡುವ ಒಲೆಮನೆಗೆ. ಲರ್ಬಿಗೆ ಕೇಳಿಸದ್ದರಿಂದ ಅವನ ಹೆಂಡತಿ ತಮಟೆಯನ್ನೇ ಮೇಜಿನ ಪಕ್ಕ ಇಟ್ಟುಕೊಂಡಳು. ಊಟದ ಹೊತ್ತಿಗೆ ಬೀದಿಯಲ್ಲಿ ಯಾರಾದರೂ ಹೊಸಬರು ಹಾದುಹೋದರೆ ಪಾಪ ನಿಜವಾದ ರೈಲು ಹುಡುಕಿಕೊಂಡು ಗೇಟಿನ ಕಡೆ ಓಡಬೇಕು, ಹಾಗಿತ್ತು ಗದ್ದಲ. ಮುಕ್ಕೋನದ ಚೀಸು ನಮ್ಮ ಬೀದಿಯ ಅಂಗಡಿಯಲ್ಲಿ ಧೂಳು ಹಿಡಿದು ಕೂತಿತು. ನಾನು ಮೊಟ್ಟೆಯ ಬಿಳಿಯನ್ನು ಜೀರಿಗೆ ಹಾಕಿ ಹುರಿದುಕೊಟ್ಟೆ. ಶುಕ್ರವಾರದ ಕುಸ್‌ಕುಸ್ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ನಿಜವಾದ ಕುರಿಮಾಂಸದ ಒಂದು ತುಂಡು ತಿರುಗಿ ಬಂತು. ಅದರ ಬರವಿಗೆ ಅವನು ಎರಡು ಸಲ ಕೂಗಿದ.

ಜುಲೈ ಚೀಟಿ ಅರವತ್ತಾರು ಎಂದಿತು. ಸೌಟು ಅಡುಗೆಮನೆಗೆ ವಾಪಸಾಯಿತು. ಆದರೂ ಐವತ್ತೈದಕ್ಕೆ ಹನ್ನೊಂದು ದೂರ. ಮದುವೆಗೆ ಒಂದೂವರೆ ತಿಂಗಳು. ಆ ದಿನಗಳಲ್ಲಿ ಅವನು ಹಾಡಲಿಲ್ಲ. ಯಾರಾದರೂ ಕೇಳಿದರೆ, “ಮದುವೆಗೆ ಕೂಡಿಡ್ತಿದ್ದೀನಿ,” ಎನ್ನುತ್ತಿದ್ದ. ಊಟದ ಕೂಗೊಂದನ್ನು ಬಿಟ್ಟರೆ ಬೇರೆ ಸ್ವರ ಅವನ ಬಾಯಿಂದ ಹೊರಡಲಿಲ್ಲ.

ಆಗಸ್ಟ್ ಮೊದಲ ವಾರ ಡಾಕ್ಟರು ಚೀಟಿ ಹಿಡಿದು ಬಂದರು. ಮೂವರೂ ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿದ್ದರು. ಡಾಕ್ಟರು ಏನೂ ಹೇಳದೆ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಅಕ್ಷರ ಬಾರದು, ಅಂಕೆ ಬರುತ್ತದೆ. ಐದು, ನಾಲ್ಕು.

“ಐವತ್ನಾಲ್ಕು,” ಎಂದೆ. ಧ್ವನಿ ಒಡೆದದ್ದು ನನ್ನದು.

“ಕಾಸಾಬ್ಲಾಂಕಾ ಬೇಡ,” ಎಂದರು ಡಾಕ್ಟರು. “ಗ್ರಂಥಿಗಳಿಗೆ ಔಷಧಿ ಶುರು ಮಾಡೋಣ. ಆದ್ರೆ ಕೂಗು ನಿಲ್ಲಿಸ್ಬೇಡಿ.”

ಬೂಅಜ್ಜಾ ಪಕ್ಕಕ್ಕೆ ತಿರುಗಿ, “ಮೀಲೂದಾ, ನಿಂದೆಷ್ಟು?” ಎಂದ.

“ಐವತ್ತೆರಡು.”

“ಹ್ಞೂಂ. ನೀನು ಗಣಿಗೆ ತಡವಾಗಿ ಸೇರಿದ್ದಲ್ವಾ.”

ಹಸ್ನಾಳ ಮದುವೆಗೆ ಬೀದಿಗೆ ಬೀದಿಯೇ ಡೇರೆ ಹಾಕಿದ್ದರು. ಗಂಡಿನ ಕಡೆಯವರು ಬೆನಿ ಮಲ್ಲಾಲ್‌ನಿಂದ ಬಂದಿದ್ದರು, ಎರಡು ಬಸ್ಸು ತುಂಬ. ಮೇಳ ಬಿಳಿ ಜಿಲ್ಲಾಬಾದಲ್ಲಿ ಸಾಲಾಗಿ ನಿಂತಿತು. ಮೀಲೂದ್ ಮಗಳ ಮದುವೆಯ ಗಡಿಬಿಡಿಯ ನಡುವೆಯೂ ಕತ್ತರಿ ಹಿಡಿದು ಬಂದ. ಲರ್ಬಿ ತಮಟೆ ಕಾಯಿಸಿಕೊಂಡು ಬಂದ. ನಾನು ಹೆಂಗಸರ ಕಡೆ, ಗಂಡಿನ ಸೋದರತ್ತೆಯೊಬ್ಬರ ಪಕ್ಕ ಕೂತಿದ್ದೆ. ಬೂಅಜ್ಜಾ ಮುಂದೆ ಬಂದು ಕೈಯನ್ನು ಕಿವಿಗೆ ಒತ್ತಿದ. ಅವನು ಉಸಿರು ತುಂಬಿಕೊಂಡ.

ಅಷ್ಟರಲ್ಲಿ, ಬಡಿಸುವವರಿಗೆ ಯಾರು ಏನು ಹೇಳಿದ್ದರೋ, ಒಣದ್ರಾಕ್ಷಿ ಹಾಕಿ ಬೇಯಿಸಿದ ಮಾಂಸದ ದೊಡ್ಡ ಹರಿವಾಣವನ್ನು ನೇರವಾಗಿ ಅವನ ಮುಂದಿನ ಮೇಜಿಗೇ ತಂದಿಟ್ಟು ಮುಚ್ಚಳ ಎತ್ತಿದರು. ಹಬೆ ಎದ್ದಿತು. ಅವನು ಹಬೆಯನ್ನು ನೋಡಿದ. ಕಿವಿಗೆ ಒತ್ತಿದ್ದ ಕೈ ಮೇಲಕ್ಕೆ ಹೋಯಿತು. ಬೇಡ, ಇವತ್ತು ಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ರೈ…ಲು ಬಂ…ತೋ!”

ಅದೇ ಕೂಗು. ನನ್ನ ಅಕ್ಕನ ಮದುವೆಯಲ್ಲಿ ಡೇರೆ ಸೀಳಿಕೊಂಡು ಬಂದದ್ದು. ಕೊನೆಯಲ್ಲಿ ಚೂರು ಬಿರುಕು ಇತ್ತು, ವಯಸ್ಸಿನದು, ಯಾರ ಚಾಕುವಿನದೂ ಅಲ್ಲ. ನಮ್ಮ ಬೀದಿ ಎರಡು ತಿಂಗಳಿಂದ ಹೊತ್ತು ಹೊತ್ತಿಗೆ ಕೇಳಿ ಪಳಗಿದ ಬೀದಿ. ಹೆಂಗಸರು, ಗಂಡಸರು, ಒಲೆಮನೆಯವನು, ಮದುಮಗಳು ಎಲ್ಲರೂ ಒಂದೇ ಉಸಿರಿಗೆ ಎತ್ತಿಕೊಂಡರು.

“ನುಂಗೋ!”

ಕತ್ತರಿ ಝಣ್ ಎಂದಿತು. ಬೂಅಜ್ಜಾ ಬೆನ್ನ ಟೊಪ್ಪಿಗೆಗೆ ಕೈ ಹಾಕಿ ಗುಳಿಗೆ ತೆಗೆದು ಎಲ್ಲರ ಮುಂದೆ ಬಾಯಿಗೆ ಹಾಕಿಕೊಂಡ. ಗಂಡಿನ ಅತ್ತೆ ನನ್ನ ತೋಳು ಹಿಡಿದರು.

“ಇದು ಯಾವ ಹಾಡು ತಂಗಿ? ನಮ್ಮ ಕಡೆ ಕೇಳೇ ಇಲ್ಲ.”

“ಇದಾ? ಬಹಳ ಹಳೇದು,” ಎಂದೆ. “ಎಲುಬು ಕೂಗುತ್ತೆ, ಮೂತ್ರಪಿಂಡ ಎತ್ಕೊಳ್ಳುತ್ತೆ. ಮಾಂಸ ಆರಿಹೋಗುತ್ತೆ, ತಗೊಳ್ಳಿ.”

ಅವರು ಬಾಯಿ ತೆರೆದು ಏನೋ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಆಚೆಯಿಂದ ಲರ್ಬಿಯ ತಮಟೆ ಒಂದು ಏಟು ಹೊಡೆಯಿತು, ಆಮೇಲೆ ಅವನೊಬ್ಬನ ಗಂಟಲು, ಡೇರೆಯೆಲ್ಲ ಸುಮ್ಮನಾದ ಮೇಲೆ:

“ನುಂಗೋ!”